ಅಲ್ಯೂಮಿನಿಯಂ 3ಎ ಗುಂಪೋ, 3ಬಿ ಗುಂಪೋ, 13ನೇ ಗುಂಪೋ?

ಓದುಗರ ಪ್ರಶ್ನೆ: ನಮಸ್ಕಾರ ಸರ್. ನಾನು ಓದಿದ್ದು ಕಾಮರ್ಸ್. ಮಗಳು ಈಗ ಹತ್ತನೇ ತರಗತಿ. ಅವಳಿಗೆ ಆವರ್ತ ಕೋಷ್ಟಕ ಹೇಳಿಕೊಡಲು ಕೂತು ನಾನೇ ಗೊಂದಲಕ್ಕೆ ಬಿದ್ದಿದ್ದೇನೆ. ಮನೆಯಲ್ಲಿರುವ ಹಳೆಯ ಚಾರ್ಟ್‌ನಲ್ಲಿ ಅಲ್ಯೂಮಿನಿಯಂ 3ಬಿ ಗುಂಪು. ಅವಳ ಗೈಡ್‌ನಲ್ಲಿ 3ಎ. ಹೊಸ ಚಾರ್ಟ್‌ನಲ್ಲಿ 13. ಹೈಡ್ರೋಜನ್ ಒಂದರಲ್ಲಿ ಲಿಥಿಯಂ ತಲೆಯ ಮೇಲಿದೆ, ಇನ್ನೊಂದರಲ್ಲಿ ಎಲ್ಲರಿಂದ ದೂರ ಬೇರೆ ಬಣ್ಣದಲ್ಲಿದೆ. ಸತು ಒಂದು ಕಡೆ ಸಂಕ್ರಮಣ ಲೋಹ, ಇನ್ನೊಂದು ಕಡೆ ಅಲ್ಲ. ಯಿಟ್ರಿಯಂ ಕೆಳಗೆ ಒಂದರಲ್ಲಿ ಲ್ಯಾಂಥನಮ್ ಇದೆ, ಇನ್ನೊಂದರಲ್ಲಿ ಖಾಲಿ ಬಿಟ್ಟಿದ್ದಾರೆ. ಹಳೆಯದು ತಪ್ಪು ಅಂತ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಅವಳು, "ಒಂದೇ ಗುಂಪು ಅಂದ್ರೆ ಒಂದೇ ಗುಣ ಅಂತೀರಿ, ಹಾಗಾದ್ರೆ ಇಂಗಾಲ, ಸೀಸ ಎರಡೂ ಒಂದೇ ಗುಂಪಲ್ಲಿ ಯಾಕಿವೆ ಅಪ್ಪಾ?" ಅಂದಳು. ಉತ್ತರ ಹೊಳೆಯಲಿಲ್ಲ. ಇವುಗಳಲ್ಲಿ ಯಾವುದನ್ನು ನಂಬಬೇಕು? 118 ಧಾತುಗಳನ್ನೂ ಬಾಯಿಪಾಠ ಮಾಡಿಸಬೇಕಾ? ನಾಳೆ ಹೊಸ ಧಾತು ಸಿಕ್ಕರೆ ಎಲ್ಲ ಮತ್ತೆ ಬದಲಾಗುತ್ತಾ?

ಉತ್ತರ: ಮೊದಲಿಗೆ, ಹಳೆಯ ಚಾರ್ಟ್ ಎಸೆಯಬೇಡಿ. ಅಲ್ಯೂಮಿನಿಯಂಗೆ ನೀವು ಹೇಳಿದ ಮೂರು ಗುಂಪುಗಳಲ್ಲಿ ಒಂದೂ ತಪ್ಪಾಗಿ ಅಚ್ಚಾಗಿಲ್ಲ. 3ಎ, 3ಬಿ, 13 ಮೂರೂ ಒಂದೇ ಕಂಬಸಾಲಿನ ಹೆಸರುಗಳು.

ನೀವು ನಾಲ್ಕೈದು ಪ್ರಶ್ನೆ ಕೇಳಿದ್ದರೂ ಒಳಗಿರುವ ಚಿಂತೆ ಒಂದೇ ಅನಿಸುತ್ತದೆ. ವಿಜ್ಞಾನ ಅಂದಮೇಲೆ ಒಂದೇ ಉತ್ತರ ಇರಬೇಕಲ್ವಾ, ಚಾರ್ಟಿಗೊಂದು ಗುಂಪು ಅಂದರೆ ಹೇಗೆ? ಈ ಕೋಷ್ಟಕದಲ್ಲಿ ಎರಡು ಬಗೆಯ ಸಂಗತಿಗಳು ಬೆರೆತುಹೋಗಿವೆ. ಯಾವ ಧಾತು ಆದಮೇಲೆ ಯಾವುದು ಬರಬೇಕು, ಎಷ್ಟು ಮನೆ ಆದಮೇಲೆ ಹೊಸ ಸಾಲು ಶುರುವಾಗಬೇಕು ಎನ್ನುವುದನ್ನು ಪ್ರಕೃತಿಯೇ ಗೊತ್ತು ಮಾಡಿದೆ. ಅದರಲ್ಲಿ ಯಾರ ಅಭಿಪ್ರಾಯಕ್ಕೂ ಜಾಗ ಇಲ್ಲ. ಗುಂಪಿಗೆ ಯಾವ ನಂಬರ್ ಕೊಡಬೇಕು, ಯಾವ ಮನೆಗೆ ಯಾವ ಬಣ್ಣ ಹಚ್ಚಬೇಕು, ಕೆಳಗಿನ ಎರಡು ಸಾಲನ್ನು ಎಲ್ಲಿ ಇಡಬೇಕು ಎನ್ನುವುದನ್ನೆಲ್ಲ ನಾವು ಅನುಕೂಲಕ್ಕೆ ಮಾಡಿಕೊಂಡಿದ್ದೇವೆ. ನಿಮ್ಮ ಚಾರ್ಟ್‌ಗಳು ಜಗಳ ಆಡುತ್ತಿರುವುದು ಈ ಎರಡನೆಯ ಬಗೆಯ ವಿಷಯದಲ್ಲಿ. ಎರಡರಲ್ಲೂ ಧಾತುಗಳ ನಂಬರ್ ಹೋಲಿಸಿ ನೋಡಿ. ಒಂದೇ ಒಂದು ವ್ಯತ್ಯಾಸವೂ ಸಿಗುವುದಿಲ್ಲ.

ಆ ನಂಬರ್ ಎಲ್ಲಿಂದ ಬಂತು ಎನ್ನುವುದನ್ನು ಸ್ವಲ್ಪ ನೋಡೋಣ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. 1869ರಲ್ಲಿ ರಷ್ಯಾದ ಮೆಂಡಲೀವ್ ಕೋಷ್ಟಕ ಮಾಡಿದಾಗ ಗೊತ್ತಿದ್ದದ್ದು 63 ಧಾತು. ಪರಮಾಣುವಿನ ಒಳಗೆ ಏನಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಅವರು ಪರಮಾಣು ತೂಕದ ಪ್ರಕಾರ ಜೋಡಿಸುತ್ತಾ ಹೋದರು. ಗುಣಗಳು ಮರುಕಳಿಸಿದ ಕಡೆ ಸಾಲು ಮುರಿದರು. ಒಂದು ಕಡೆ ತೂಕ ಕೈಕೊಟ್ಟಿತು. ಟೆಲ್ಲುರಿಯಂ ತೂಕ 127.6, ಅಯೋಡಿನ್ ತೂಕ 126.9. ತೂಕವನ್ನೇ ನಂಬಿದರೆ ಅಯೋಡಿನ್ ಹೋಗಿ ಗಂಧಕದ ಗುಂಪಿನಲ್ಲಿ ಕೂರಬೇಕು. ಆದರೆ ಅದು ಎಲ್ಲ ವಿಧದಲ್ಲೂ ಕ್ಲೋರಿನ್, ಬ್ರೋಮಿನ್‌ನಂತೆ ವರ್ತಿಸುತ್ತದೆ. ಮೆಂಡಲೀವ್ ಗುಣದ ಪರ ನಿಂತರು, ಟೆಲ್ಲುರಿಯಂ ತೂಕವನ್ನು ಯಾರೋ ತಪ್ಪಾಗಿ ಅಳೆದಿರಬೇಕು ಅಂದುಕೊಂಡರು. ಅಳತೆ ಸರಿಯಾಗಿಯೇ ಇತ್ತು. ತೂಕ ಎಂಬ ಅಳತೆಗೋಲೇ ಅಲ್ಲಿಗೆ ಸಾಲುತ್ತಿರಲಿಲ್ಲ.

ಇದನ್ನು ಬಿಡಿಸಿದವರು ಇಂಗ್ಲೆಂಡಿನ ಹೆನ್ರಿ ಮೋಸ್ಲಿ, 1913ರಲ್ಲಿ. ಬೇರೆ ಬೇರೆ ಧಾತುಗಳಿಂದ ಹೊರಡುವ ಎಕ್ಸ್-ಕಿರಣಗಳನ್ನು ಅಳೆದು, ಪ್ರತಿ ಧಾತುವಿನ ನ್ಯೂಕ್ಲಿಯಸ್‌ನಲ್ಲಿರುವ ವಿದ್ಯುದಂಶ ಒಂದೊಂದೇ ಹೆಜ್ಜೆ ಏರುತ್ತಾ ಹೋಗುತ್ತದೆ ಎಂದು ತೋರಿಸಿದರು. ಅದೇ ಪರಮಾಣು ಸಂಖ್ಯೆ. ಟೆಲ್ಲುರಿಯಂ 52, ಅಯೋಡಿನ್ 53, ಕಥೆ ಮುಗಿಯಿತು. ಎರಡು ವರ್ಷದಲ್ಲಿ ಮೋಸ್ಲಿ ಮಹಾಯುದ್ಧದಲ್ಲಿ ಗ್ಯಾಲಿಪೊಲಿಯಲ್ಲಿ ತೀರಿಕೊಂಡರು, ಆಗ ವಯಸ್ಸು 27. ಪಠ್ಯಪುಸ್ತಕಗಳು ಮೆಂಡಲೀವ್‌ಗೆ ಪುಟಗಟ್ಟಲೆ ಕೊಟ್ಟು ಇವರನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಇನ್ನು ಸಾಲು ಎಲ್ಲಿ ಮುರಿಯಬೇಕು ಎನ್ನುವ ಮಾತು. ಪರಮಾಣುವಿನ ಎಲೆಕ್ಟ್ರಾನ್‌ಗಳು ಕವಚಗಳಲ್ಲಿ ತುಂಬುತ್ತವೆ, ಕವಚದೊಳಗೆ ಉಪಕವಚಗಳಿವೆ. ಎಸ್ ಉಪಕವಚದಲ್ಲಿ 2 ಎಲೆಕ್ಟ್ರಾನ್ ಹಿಡಿಸುತ್ತವೆ, ಪಿಯಲ್ಲಿ 6, ಡಿಯಲ್ಲಿ 10, ಎಫ್‌ನಲ್ಲಿ 14. ನಿಮ್ಮ ಹೊಸ ಚಾರ್ಟನ್ನು ಎದುರಿಗಿಟ್ಟುಕೊಂಡು ಅಗಲ ಎಣಿಸಿ. ಎಡಗಡೆ 2 ಕಂಬಸಾಲು, ನಡುವೆ 10, ಬಲಗಡೆ 6. ಕೆಳಗೆ ಪ್ರತ್ಯೇಕವಾಗಿ ಇಟ್ಟಿರುವ ಸಾಲುಗಳಿಗೆ ಸೇರಿದ್ದು 14. ಸುಮ್ನೆ ಬಂದ ಆಕಾರ ಅಲ್ಲ ಅದು. ಸಾಲುಗಳ ಉದ್ದವೂ ಇದರಿಂದಲೇ ಬರುತ್ತದೆ: 2, 8, 8, 18, 18, 32, 32. ಕೂಡಿಸಿದರೆ 118.

ಒಂದೇ ಗುಂಪಿನಲ್ಲಿರುವ ಧಾತುಗಳಿಗೆ ಹೊರಗಡೆ ಇರುವ, ರಾಸಾಯನಿಕ ಕ್ರಿಯೆಯಲ್ಲಿ ಭಾಗವಹಿಸುವ ಎಲೆಕ್ಟ್ರಾನ್‌ಗಳ ಜೋಡಣೆ ಒಂದೇ ಥರ ಇರುತ್ತದೆ. ಅಷ್ಟೇ. ಗುಂಪು ಹೇಳುವ ಮೊದಲ ಮಾತು ಇದು. ಗುಣ ಅದರಿಂದ ಹುಟ್ಟುತ್ತದೆ, ಆದರೆ ಗುಣಕ್ಕೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದಕ್ಕೆ ಬರುವ ಮೊದಲು ಎ, ಬಿ ಗಲಾಟೆ ಮುಗಿಸಿಬಿಡೋಣ.

ಹಳೆಯ ಕೋಷ್ಟಕಗಳಲ್ಲಿ ಒಂದರಿಂದ ಎಂಟರವರೆಗೆ ಮಾತ್ರ ಗುಂಪು ಇದ್ದವು. ಒಂದೇ ನಂಬರ್‌ನಲ್ಲಿ ಎರಡು ಪಂಗಡ ತುಂಬುತ್ತಿದ್ದರು. ಉದಾಹರಣೆಗೆ ಏಳನೇ ಗುಂಪಿನಲ್ಲಿ ಕ್ಲೋರಿನ್ ಇತ್ತು, ಮ್ಯಾಂಗನೀಸ್ ಕೂಡ ಇತ್ತು. ಹಸಿರು ಹಳದಿ ವಿಷಾನಿಲಕ್ಕೂ ಗಟ್ಟಿ ಲೋಹಕ್ಕೂ ಏನು ಸಂಬಂಧ ಅಂತ ಈಗ ನಗು ಬರಬಹುದು. ಆದರೆ ಅದರ ಹಿಂದೆ ಗಟ್ಟಿ ಕಾರಣ ಇತ್ತು. ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಪೊಟ್ಯಾಸಿಯಂ ಪರ್ಕ್ಲೋರೇಟ್ ಎಂಬ ಎರಡು ಲವಣ ತೆಗೆದುಕೊಳ್ಳಿ. ಒಂದು ಕಡು ನೇರಳೆ, ಇನ್ನೊಂದಕ್ಕೆ ಬಣ್ಣವೇ ಇಲ್ಲ. ಎರಡರ ಹರಳಿನ ಒಳರಚನೆ ಮಾತ್ರ ಒಂದೇ ಮಾದರಿ. ಎರಡರಲ್ಲೂ ನಡುವಿನ ಪರಮಾಣುವಿನ ಸುತ್ತ ನಾಲ್ಕು ಆಕ್ಸಿಜನ್, ಎರಡರಲ್ಲೂ ಅದರ ಏಳು ಎಲೆಕ್ಟ್ರಾನ್‌ಗಳು ಬಳಕೆಯಾಗಿವೆ. ಗಂಧಕ ಮತ್ತು ಕ್ರೋಮಿಯಂ ಜೋಡಿಯೂ ಹೀಗೆಯೇ, ಸಲ್ಫೇಟ್ ಮತ್ತು ಕ್ರೋಮೇಟ್ ಆಗಿ ಆರು ಆರು. ಈ ಹೋಲಿಕೆ ನಿಜ. ಹಾಗಾಗಿ ಒಂದೇ ನಂಬರ್ ಕೊಟ್ಟು, ಒಳಗೆ ಎ ಮತ್ತು ಬಿ ಅಂತ ಒಡೆದರು.

ತೊಂದರೆ ಆದದ್ದು ಯಾವ ಪಂಗಡಕ್ಕೆ ಎ, ಯಾವುದಕ್ಕೆ ಬಿ ಎನ್ನುವುದರಲ್ಲಿ. ಯುರೋಪಿನ ಚಾರ್ಟ್‌ಗಳು ಕೋಷ್ಟಕದ ಎಡ ಅರ್ಧಕ್ಕೆ ಎ ಕೊಟ್ಟು, ಬಲ ಅರ್ಧಕ್ಕೆ ಬಿ ಕೊಟ್ಟವು. ಅಮೆರಿಕದವರು ಎರಡು ಅಂಚಿನಲ್ಲಿರುವ ಮುಖ್ಯ ಗುಂಪುಗಳಿಗೆ ಎ ಕೊಟ್ಟು, ನಡುವಿನ ಲೋಹಗಳಿಗೆ ಬಿ ಕೊಟ್ಟರು. ಹಾಗಾಗಿ ಅಲ್ಯೂಮಿನಿಯಂ ಒಂದು ಕಡೆ 3ಬಿ ಆಯಿತು, ಇನ್ನೊಂದು ಕಡೆ 3ಎ. ಸ್ಕ್ಯಾಂಡಿಯಂ ಇದಕ್ಕೆ ಸರಿಯಾಗಿ ಉಲ್ಟಾ. ರಸಾಯನಶಾಸ್ತ್ರಕ್ಕೆ ಹೆಸರು, ನಿಯಮ ಗೊತ್ತು ಮಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್. ಅದು 1980ರ ದಶಕದ ಕೊನೆಯಲ್ಲಿ ಈ ರಗಳೆಯೇ ಬೇಡ ಅಂತ ಎಡದಿಂದ ಬಲಕ್ಕೆ ನೇರವಾಗಿ 1ರಿಂದ 18 ಅಂತ ಎಣಿಸಿಬಿಟ್ಟಿತು.

ಈ ಬದಲಾವಣೆಯಿಂದ ಒಂದು ಸಣ್ಣ ನಷ್ಟವೂ ಆಗಿದೆ. 3ಎ ಅಂದ ಕೂಡಲೇ ಹೊರಗೆ ಮೂರು ಎಲೆಕ್ಟ್ರಾನ್ ಅಂತ ಗೊತ್ತಾಗುತ್ತಿತ್ತು. 13 ಅಂದಾಗ ಮಕ್ಕಳು ಹೊರಗೆ 13 ಎಲೆಕ್ಟ್ರಾನ್ ಅಂತ ಬರೆದಿಡುತ್ತಾರೆ, ಉತ್ತರಪತ್ರಿಕೆಗಳಲ್ಲಿ ಇದು ಬೇಜಾನ್ ಸಿಗುತ್ತದೆ. 13ರಿಂದ 18ರವರೆಗಿನ ಗುಂಪುಗಳಲ್ಲಿ ನಂಬರಿನಿಂದ 10 ಕಳೆಯಬೇಕು ಅಂತ ಮಗಳಿಗೆ ಹೇಳಿಕೊಡಿ. ಹೀಲಿಯಂ ಒಂದಕ್ಕೆ ಮಾತ್ರ ಇದು ನಡೆಯುವುದಿಲ್ಲ. ಅದರ ಹತ್ತಿರ ಇರುವುದೇ ಎರಡು ಎಲೆಕ್ಟ್ರಾನ್. ಆ ಲೆಕ್ಕದಲ್ಲಿ ಅದು ಬೆರಿಲಿಯಂ ಮೇಲೆ ಕೂರಬೇಕಿತ್ತು. ಕವಚ ತುಂಬಿದೆ, ಯಾರ ಜೊತೆಗೂ ಸೇರುವುದಿಲ್ಲ ಅಂತ ನಿಯಾನ್ ಮೇಲೆ ಕೂರಿಸಿದ್ದೇವೆ.

ಈಗ ಇಂಗಾಲ ಮತ್ತು ಸೀಸ. "ಒಂದೇ ಗುಂಪು ಅಂದರೆ ಒಂದೇ ಗುಣ" ಎನ್ನುವ ಮಾತು ಅರ್ಧ ನಿಜ. ಅದು ನೂರಕ್ಕೆ ನೂರು ಸರಿ ಅನಿಸುವಂತೆ ಮಾಡುವುದು ಒಂದನೇ ಗುಂಪು. ಲಿಥಿಯಂ ಚೂರನ್ನು ನೀರಿಗೆ ಹಾಕಿದರೆ ಮೇಲೆ ತೇಲುತ್ತಾ ಸುಮಾರಾಗಿ ಗುಳ್ಳೆ ಬಿಡುತ್ತದೆ. ಸೋಡಿಯಂ ಅಲ್ಲೇ ಕರಗಿ ಬೆಳ್ಳಗಿನ ಗುಂಡಾಗಿ ನೀರಿನ ಮೇಲೆ ಓಡಾಡುತ್ತದೆ, ಅದು ಕರಗಲು 98 ಡಿಗ್ರಿ ಸೆಲ್ಸಿಯಸ್ ಸಾಕು. ಪೊಟ್ಯಾಸಿಯಂ ನೀರು ಮುಟ್ಟಿದ ಕೂಡಲೇ ತಿಳಿ ನೇರಳೆ ಜ್ವಾಲೆಯಿಂದ ಉರಿಯುತ್ತದೆ. ಮೂರೂ ಮಾಡುವುದು ಒಂದೇ ಕೆಲಸ: ಹೊರಗಿನ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಹೈಡ್ರೋಜನ್ ಬಿಡಿಸುವುದು. ಕೆಳಗೆ ಹೋದಂತೆ ಆ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ದೂರ ಆಗುತ್ತದೆ, ನಡುವೆ ಒಳಗಿನ ಕವಚಗಳು ಅಡ್ಡ ನಿಲ್ಲುತ್ತವೆ, ಹಿಡಿತ ಸಡಿಲ ಆಗುತ್ತದೆ. ಅಂಕಿಯಲ್ಲಿ ಹೇಳುವುದಾದರೆ ಆ ಒಂದು ಎಲೆಕ್ಟ್ರಾನ್ ಕೀಳಲು ಸೋಡಿಯಂಗೆ ಮೋಲ್‌ಗೆ 496 ಕಿಲೋಜೌಲ್ ಬೇಕು, ಪೊಟ್ಯಾಸಿಯಂಗೆ 419, ಸೀಸಿಯಂಗೆ 376 ಸಾಕು. (ಇದನ್ನು ಮನೆಯಲ್ಲಿ ಮಾಡಿ ನೋಡುವ ಯೋಚನೆ ಬೇಡ. ಒಳ್ಳೆಯ ವಿಡಿಯೋ ಸಾಕು.)

ಗಮನಿಸಿ, ಇಲ್ಲೂ ಕೆಳಗೆ ಇಳಿದಂತೆ ಗುಣ ಬದಲಾಗುತ್ತಿದೆ. ಎಲ್ಲವೂ ಒಂದೇ ದಿಕ್ಕಿಗೆ ಜೋರಾಗುತ್ತಾ ಹೋಗುವುದರಿಂದ ಬದಲಾವಣೆ ಅಂತ ಅನಿಸುವುದಿಲ್ಲ, ಅಷ್ಟೇ. 14ನೇ ಗುಂಪಿನಲ್ಲಿ ಇದೇ ಸಡಿಲಿಕೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಮೇಲಿರುವ ಇಂಗಾಲ ತನ್ನ ನಾಲ್ಕು ಎಲೆಕ್ಟ್ರಾನ್‌ಗಳನ್ನು ಬಿಗಿಯಾಗಿ ಹಿಡಿದು ಹಂಚಿಕೊಳ್ಳುತ್ತದೆ, ಅಲೋಹ ಆಗುತ್ತದೆ. ಸಿಲಿಕಾನ್, ಜರ್ಮೇನಿಯಂ ನಡುವಿನ ಲೋಹಾಭಗಳು. ತವರ, ಸೀಸಕ್ಕೆ ಬಂದಾಗ ಹಿಡಿತ ಸಡಿಲವಾಗಿ ಎಲೆಕ್ಟ್ರಾನ್‌ಗಳು ಓಡಾಡತೊಡಗುತ್ತವೆ, ಹೊಳೆಯುವ ಲೋಹ ಸಿಗುತ್ತದೆ. ಒಂದೇ ಮನೆಯ ಮಕ್ಕಳೆಲ್ಲ ಒಂದೇ ಸ್ವಭಾವದವರಾಗಿ ಇರುತ್ತಾರಾ ಹೇಳಿ?

ಹಾಗಾದರೆ ಹೋಲಿಕೆ ಎಲ್ಲಿದೆ? ಧಾತುವನ್ನು ಪಕ್ಕಕ್ಕಿಟ್ಟು ಅದರ ಸಂಯುಕ್ತ ನೋಡಿ. ಈ ಐದನ್ನೂ ಕ್ಲೋರಿನ್ ಜೊತೆ ಸೇರಿಸಿದರೆ ಒಂದು ಪರಮಾಣುವಿಗೆ ನಾಲ್ಕು ಕ್ಲೋರಿನ್ ಇರುವ ಸಂಯುಕ್ತ ಐದರಿಂದಲೂ ಸಿಗುತ್ತದೆ. ಇಂಗಾಲದ ಟೆಟ್ರಾಕ್ಲೋರೈಡ್ ದ್ರವ. ಸಿಲಿಕಾನ್, ಜರ್ಮೇನಿಯಂ ಟೆಟ್ರಾಕ್ಲೋರೈಡ್‌ಗಳೂ ದ್ರವ. ತವರ ಲೋಹವೇ ಆದರೂ ಅದರ ಟೆಟ್ರಾಕ್ಲೋರೈಡ್ ದ್ರವವೇ, ಗಾಳಿಗೆ ತೆರೆದರೆ ಹೊಗೆ ಬಿಡುತ್ತದೆ. ಸೀಸದ್ದೂ ಹಳದಿ ಎಣ್ಣೆಯಂಥ ದ್ರವ. ಲೋಹದ ಕ್ಲೋರೈಡ್ ಅಂದಾಗ ಉಪ್ಪಿನ ಹಾಗೆ ಗಟ್ಟಿ ಹರಳು ನೆನಪಾಗುತ್ತದಲ್ಲ, ಇಲ್ಲಿ ಲೋಹಗಳೂ ಗುಂಪಿನ ಮಾತು ಕೇಳಿವೆ. ಅಲೋಹದಿಂದ ಲೋಹದವರೆಗೆ ಐದೂ ಒಂದೇ ಸೂತ್ರ, ಐದೂ ದ್ರವ. ಗುಂಪು ಅಂದರೆ ಇದು.

ಇದರ ಬಲ ಎಷ್ಟು ಅಂತ ಮೆಂಡಲೀವ್ ತೋರಿಸಿದರು. ಸಿಲಿಕಾನ್ ಕೆಳಗಿನ ಮನೆ ಅವರ ಕೋಷ್ಟಕದಲ್ಲಿ ಖಾಲಿ ಇತ್ತು. ಅಲ್ಲಿ ಬರಬೇಕಾದ ಧಾತುವಿಗೆ ಎಕಾ-ಸಿಲಿಕಾನ್ ಅಂತ ಹೆಸರಿಟ್ಟು, ಪರಮಾಣು ತೂಕ 72, ಸಾಂದ್ರತೆ 5.5, ಅದರ ಟೆಟ್ರಾಕ್ಲೋರೈಡ್ ದ್ರವ, 100 ಡಿಗ್ರಿಗಿಂತ ಸ್ವಲ್ಪ ಕಡಿಮೆಯಲ್ಲಿ ಕುದಿಯುತ್ತದೆ ಅಂತ ಬರೆದರು. 1886ರಲ್ಲಿ ಜರ್ಮನಿಯ ವಿಂಕ್ಲರ್‌ಗೆ ಜರ್ಮೇನಿಯಂ ಸಿಕ್ಕಿತು. ತೂಕ 72.6, ಸಾಂದ್ರತೆ 5.3, ಟೆಟ್ರಾಕ್ಲೋರೈಡ್ ಕುದಿಯುವುದು ಎಂಬತ್ತರ ಚಿಲ್ಲರೆ ಡಿಗ್ರಿಯಲ್ಲಿ. ಯಾರೂ ಕಂಡೇ ಇರದ ವಸ್ತುವಿನ ಬಗ್ಗೆ ಹದಿನೈದು ವರ್ಷ ಮೊದಲು ಹೇಳಿದ ಮಾತು. ಮಗಳಿಗೆ ಇದನ್ನು ಬಿಡಿಸಿ ಹೇಳಿ. ಗುಂಪು ಯಾಕೆ ಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಸೀಸ ಪೂರ್ತಿ ವಿಧೇಯ ಅಂತ ಅಂದುಕೊಳ್ಳಬೇಡಿ. ಅದರ ಟೆಟ್ರಾಕ್ಲೋರೈಡ್ ತಣ್ಣಗಿದ್ದಾಗ ಮಾತ್ರ ಉಳಿಯುತ್ತದೆ. ಬೆಚ್ಚಗಾದರೆ ಎರಡು ಕ್ಲೋರಿನ್ ಬಿಟ್ಟು ಡೈಕ್ಲೋರೈಡ್ ಆಗಿ ಕೂರುತ್ತದೆ. ಅಷ್ಟು ಭಾರದ ಪರಮಾಣುವಿನಲ್ಲಿ ಹೊರಗಿನ ನಾಲ್ಕರಲ್ಲಿ ಎರಡು ಎಸ್ ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್‌ಗೆ ಅಂಟಿಕೊಂಡು ಹೊರಗೆ ಬರಲು ಒಪ್ಪುವುದಿಲ್ಲ. ಹಾಗಾಗಿ ಸೀಸ ನಾಲ್ಕಕ್ಕಿಂತ ಎರಡನ್ನೇ ಇಷ್ಟಪಡುತ್ತದೆ.

ಇನ್ನು ಹೈಡ್ರೋಜನ್. ಇದರ ವಿಷಯದಲ್ಲಿ ನಿಜವಾದ ತಕರಾರು ಇದೆ. ಅದಕ್ಕೆ ಇರುವುದು ಒಂದೇ ಎಲೆಕ್ಟ್ರಾನ್, ಎಸ್ ಉಪಕವಚದಲ್ಲಿ. ಎಣಿಕೆ ಪ್ರಕಾರ ಒಂದನೇ ಗುಂಪು. ಆದರೆ ಅದು ಲೋಹ ಅಲ್ಲ. ಎರಡೆರಡು ಪರಮಾಣು ಸೇರಿದ ಅನಿಲ, ಕುದಿಯುವುದು ಮೈನಸ್ 253 ಡಿಗ್ರಿಯಲ್ಲಿ. ಆ ಒಂದು ಎಲೆಕ್ಟ್ರಾನ್ ಕೀಳಲು ಮೋಲ್‌ಗೆ 1312 ಕಿಲೋಜೌಲ್ ಬೇಕು. ಸೋಡಿಯಂನ 496 ಎಲ್ಲಿ, ಇದು ಎಲ್ಲಿ? ಕ್ಲೋರಿನ್‌ನ 1251ಕ್ಕೆ ಇದು ಹತ್ತಿರ. ಕವಚ ತುಂಬಲು ಇನ್ನೊಂದೇ ಎಲೆಕ್ಟ್ರಾನ್ ಬೇಕು ಎನ್ನುವುದರಲ್ಲೂ ಅದು ಕ್ಲೋರಿನ್ ಥರವೇ. ಸೋಡಿಯಂ ಜೊತೆ ಸೇರಿದರೆ ಸೋಡಿಯಂ ಹೈಡ್ರೈಡ್ ಆಗುತ್ತದೆ, ಅದರ ಹರಳಿನ ರಚನೆ ನಾವು ದಿನಾ ಬಳಸುವ ಉಪ್ಪಿನದ್ದೇ. ಹಾಗಂತ 17ನೇ ಗುಂಪಿಗೆ ಕಳಿಸೋಣವೇ? ಅಲ್ಲೂ ಸರಿಹೋಗುವುದಿಲ್ಲ. ಕ್ಲೋರಿನ್ ಎಲೆಕ್ಟ್ರಾನ್ ಕಸಿದುಕೊಳ್ಳಲು ಕಾಯುತ್ತಿರುತ್ತದೆ, ಹೈಡ್ರೋಜನ್‌ಗೆ ಆ ಆತುರ ಇಲ್ಲ. ನೀರಿನಲ್ಲಿ ಹೈಡ್ರೈಡ್ ಉಳಿಯುವುದೂ ಇಲ್ಲ, ಕ್ಲೋರೈಡ್ ಆರಾಮಾಗಿ ಇರುತ್ತದೆ.

ಹಾಗಾಗಿ ಚಾರ್ಟ್ ಮಾಡುವವರ ಮುಂದೆ ಮೂರು ದಾರಿ ಇವೆ, ಮೂರಕ್ಕೂ ಒಂದೊಂದು ಬೆಲೆ ಕೊಡಬೇಕು. ಲಿಥಿಯಂ ಮೇಲೆ ಇಟ್ಟರೆ ಎಣಿಕೆ ಸರಿ, ಆದರೆ ಮಕ್ಕಳು ಅದನ್ನೂ ಕ್ಷಾರ ಲೋಹ (ಲಿಥಿಯಂ, ಸೋಡಿಯಂನಂಥ ಒಂದನೇ ಗುಂಪಿನ ಲೋಹ) ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಎರಡೂ ಕಡೆ ಇಟ್ಟರೆ ಎರಡು ಹೈಡ್ರೋಜನ್ ಇವೆಯೇನೋ ಎಂಬ ಗೊಂದಲ. ದೂರ ತೇಲಿಬಿಟ್ಟರೆ ಸ್ವಭಾವದ ವಿಷಯದಲ್ಲಿ ಪ್ರಾಮಾಣಿಕ, ಆದರೆ ಇದಕ್ಕೆ ಗುಂಪೇ ಇಲ್ಲ ಅನಿಸಿಬಿಡುತ್ತದೆ. ಐಯುಪ್ಯಾಕ್ ಪ್ರಕಟಿಸುವ ಕೋಷ್ಟಕದಲ್ಲಿ ಅದು ಒಂದನೇ ಗುಂಪಿನ ತಲೆಯ ಮೇಲಿದೆ, ಕ್ಷಾರ ಲೋಹಗಳ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗ ಇಲ್ಲ. ನಾನು ಪಾಠ ಮಾಡುವುದೂ ಹಾಗೆಯೇ: "ಒಂದನೇ ಗುಂಪಿನ ಮನೆ, ಆದರೆ ಕ್ಷಾರ ಲೋಹ ಅಲ್ಲ." ಪರೀಕ್ಷೆಯಲ್ಲಿ ಹೈಡ್ರೋಜನ್ ಸ್ಥಾನದ ಬಗ್ಗೆ ಕೇಳಿದರೆ ಎರಡೂ ಕಡೆಯ ಹೋಲಿಕೆ ಬರೆಯುವುದೇ ಸರಿ ಉತ್ತರ.

ಸತುವಿನದು ಅಷ್ಟು ದೊಡ್ಡ ವಿಷಯ ಅಲ್ಲ. ಡಿ ಬ್ಲಾಕ್, ಅಂದರೆ ನಡುವಿನ ಆ ಹತ್ತು ಕಂಬಸಾಲು, ಎನ್ನುವುದು ಜಾಗದ ಹೆಸರು, ಸಂಕ್ರಮಣ ಲೋಹ ಎನ್ನುವುದು ನಡವಳಿಕೆಯ ಹೆಸರು. ಪರಮಾಣುವಿನಲ್ಲೋ ಅದರ ಧನ ಅಯಾನಿನಲ್ಲೋ (ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಿನಲ್ಲೋ) ಡಿ ಉಪಕವಚ ಅರೆಬರೆ ತುಂಬಿದ್ದರೆ ಅದು ಸಂಕ್ರಮಣ ಲೋಹ. ತಾಮ್ರದ ಅಯಾನಿನಲ್ಲಿ ಡಿ ಎಲೆಕ್ಟ್ರಾನ್ 9 ಮಾತ್ರ, ಒಂದು ಜಾಗ ಖಾಲಿ. ಮೈಲುತುತ್ತದ ಆ ನೀಲಿ ಬಣ್ಣ ಬರುವುದು ಆ ಅರೆಬರೆ ತುಂಬಿದ ಡಿ ಇರುವುದರಿಂದಲೇ. ಸತುವಿನಲ್ಲಿ 10ಕ್ಕೆ 10 ತುಂಬಿವೆ, ಅಯಾನ್ ಆದಮೇಲೂ ಹಾಗೇ ಇರುತ್ತವೆ. ಸತುವಿನ ಸಲ್ಫೇಟ್ ಬೆಳ್ಳಗೆ. ಡಿ ಬ್ಲಾಕ್‌ನಲ್ಲಿ ಕೂತಿದೆ, ಸಂಕ್ರಮಣ ಲೋಹದಂತೆ ನಡೆಯುವುದಿಲ್ಲ. ಜಾಗ ನೋಡಿ ಬಣ್ಣ ಹಚ್ಚಿದವರು ಚಾರ್ಟಿನಲ್ಲಿ ಕಬ್ಬಿಣಕ್ಕೆ ಕೊಟ್ಟ ಬಣ್ಣವನ್ನೇ ಸತುವಿಗೂ ಕೊಟ್ಟರು, ನಡವಳಿಕೆ ನೋಡಿದವರು ಬೇರೆ ಕೊಟ್ಟರು. ಲೋಹಾಭಗಳ ಬಣ್ಣವೂ ಇದೇ ಪಾಡು. ಬೋರಾನ್, ಸಿಲಿಕಾನ್, ಜರ್ಮೇನಿಯಂ, ಆರ್ಸೆನಿಕ್, ಆಂಟಿಮನಿ, ಟೆಲ್ಲುರಿಯಂ ಈ ಆರನ್ನು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಪೊಲೋನಿಯಂ, ಅಸ್ಟಟೀನ್ ಬಂದಾಗ ಚಾರ್ಟಿಗೊಂದು ಬಣ್ಣ.

ಯಿಟ್ರಿಯಂ ಕೆಳಗಿನ ಮನೆ ಯಾರದು ಎನ್ನುವುದರ ಮೇಲೆ ಪಂಡಿತರು ಈಗಲೂ ವಾದ ಮಾಡುತ್ತಿದ್ದಾರೆ. ಎಫ್ ಉಪಕವಚದಲ್ಲಿ ಹಿಡಿಸುವುದು 14 ಎಲೆಕ್ಟ್ರಾನ್, ಆದರೆ ಲ್ಯಾಂಥನಮ್‌ನಿಂದ ಲುಟೇಶಿಯಂವರೆಗೆ, 57ರಿಂದ 71, ಎಣಿಸಿದರೆ 15 ಧಾತು ಬರುತ್ತವೆ. ಒಂದು ಹೆಚ್ಚು. ಆ ಹೆಚ್ಚಿನದನ್ನು ಮೂರನೇ ಗುಂಪಿಗೆ ಕಳಿಸಬೇಕು. ಮೊದಲನೆಯದನ್ನು ಕಳಿಸಬೇಕಾ, ಕೊನೆಯದನ್ನಾ? ಕೆಲವರು ಲ್ಯಾಂಥನಮ್ ಇಟ್ಟರು, ಕೆಲವರು ಲುಟೇಶಿಯಂ ಇಟ್ಟರು, ಜಗಳ ಬೇಡ ಅಂದವರು ಮನೆ ಖಾಲಿ ಬಿಟ್ಟು 15ನ್ನೂ ಕೆಳಗೆ ಇಳಿಸಿದರು. 2021ರಲ್ಲಿ ಐಯುಪ್ಯಾಕ್‌ನ ಒಂದು ತಂಡ ತಾತ್ಕಾಲಿಕ ವರದಿಯಲ್ಲಿ ಲುಟೇಶಿಯಂ ಪರ ಮಾತಾಡಿತು. ಹಾಗೆ ಮಾಡಿದರೆ ಡಿ ಬ್ಲಾಕ್ ತುಂಡಾಗದೆ ಒಟ್ಟಿಗೆ ಉಳಿಯುತ್ತದೆ ಎನ್ನುವುದು ಒಂದು ಕಾರಣ. ನನಗೂ ಅದೇ ಸರಿ ಅನಿಸುತ್ತದೆ. ಹತ್ತನೇ ತರಗತಿಗೆ ಇದರ ತಲೆನೋವು ಬೇಡ. ಆ ಎರಡು ಸಾಲು ಕೆಳಗೆ ಇರುವುದು ಕಾಗದದ ಅಗಲ ಸಾಲದ್ದಕ್ಕೆ, ಅವು ಕೋಷ್ಟಕದಿಂದ ಹೊರಗಿನವಲ್ಲ ಅಂತ ಗೊತ್ತಿದ್ದರೆ ಸಾಕು.

ಇನ್ನು ಬಾಯಿಪಾಠ. 118 ಹೆಸರು ಉರು ಹೊಡೆಸಬಹುದು, ಹಾಡು ಕಟ್ಟಿ ಕಲಿಯುವ ಮಕ್ಕಳನ್ನೂ ನೋಡಿದ್ದೇನೆ. ಹೆಸರು ಪಟಪಟ ಹೇಳುತ್ತಾರೆ, ಸೆಲೆನಿಯಂ ಯಾವ ಗುಂಪು ಅಂದರೆ ಹಾಡನ್ನು ಮೊದಲಿಂದ ಶುರು ಮಾಡುತ್ತಾರೆ. ಗುಂಪುಗಳನ್ನು ಮಾತ್ರ ಮೇಲಿಂದ ಕೆಳಕ್ಕೆ ಕಲಿಯುವುದು ಇದಕ್ಕಿಂತ ವಾಸಿ. ಅದರಲ್ಲಿ ಅಪಾಯ ಏನೆಂದರೆ ಧಾತುವಿನ ನಂಬರ್ ಮತ್ತು ಸಾಲು ಮರೆತುಹೋಗುತ್ತವೆ. 2, 8, 8 ಎಂದು ಎಲೆಕ್ಟ್ರಾನ್ ಹಂಚುವುದನ್ನು ನಂಬಿಕೊಂಡರೆ ಮೊದಲ 20 ಧಾತುಗಳವರೆಗೆ ಸುಸೂತ್ರ. 21ನೆಯದು, ಸ್ಕ್ಯಾಂಡಿಯಂ, ಬಂದ ಕೂಡಲೇ ಮುಗ್ಗರಿಸುತ್ತಾರೆ: 2, 8, 8, 3 ಅಂತ ಬರೆಯುತ್ತಾರೆ. ಸರಿಯಾದದ್ದು 2, 8, 9, 2. ನಾಲ್ಕನೇ ಕವಚಕ್ಕೆ ಎರಡು ಹೋದಮೇಲೆ ಮೂರನೇ ಕವಚದ ಡಿ ತುಂಬಲು ಶುರುವಾಗುತ್ತದೆ, ಅದಕ್ಕೇ ನಡುವೆ ಹತ್ತು ಕಂಬಸಾಲು ಬರುವುದು.

ನಾನು ಹೇಳಿಕೊಡುವುದು ಏಳು ನಂಬರ್: 2, 10, 18, 36, 54, 86, 118. ಇವು 18ನೇ ಗುಂಪಿನ ಜಡಾನಿಲಗಳ ಸಂಖ್ಯೆಗಳು, ಪ್ರತಿ ಸಾಲಿನ ಕೊನೆಯ ಮನೆ. ಇಷ್ಟು ಗೊತ್ತಿದ್ದರೆ ಮಿಕ್ಕಿದ್ದು ಎಣಿಕೆ. 34ನೇ ಧಾತು ಯಾವ ಗುಂಪು? 36ಕ್ಕೆ ಎರಡು ಕಡಿಮೆ, 18ರಿಂದ ಎರಡು ಹಿಂದೆ, 16. ಅದೇ ಸೆಲೆನಿಯಂ. 55? 54 ದಾಟಿ ಒಂದು, ಒಂದನೇ ಗುಂಪು, ಸೀಸಿಯಂ. 26? 18 ದಾಟಿ ಎಂಟು, ನಾಲ್ಕನೇ ಸಾಲಿನಲ್ಲಿ 18 ಮನೆ ಪೂರ್ತಿ ಇರುವುದರಿಂದ 8ನೇ ಗುಂಪು, ಕಬ್ಬಿಣ. 82? 86ಕ್ಕೆ ನಾಲ್ಕು ಕಡಿಮೆ, 14, ನಿಮ್ಮ ಸೀಸ. 79? ಏಳು ಕಡಿಮೆ, 11, ಚಿನ್ನ.

ಎಚ್ಚರ ಬೇಕಾದ ಕಡೆ ಎರಡಿವೆ. ಎರಡು ಮತ್ತು ಮೂರನೇ ಸಾಲಿನಲ್ಲಿ ನಡುವೆ ಮನೆಗಳೇ ಇಲ್ಲ. ಅಲ್ಲಿ ಮೊದಲ ಎರಡು ಬಿಟ್ಟು ಉಳಿದವನ್ನು ಹಿಂದಿನಿಂದಲೇ ಎಣಿಸಬೇಕು: ಅಲ್ಯೂಮಿನಿಯಂ 13ನೇ ಧಾತು, 18ಕ್ಕೆ ಐದು ಕಡಿಮೆ, ಹಾಗಾಗಿ 13ನೇ ಗುಂಪು. ಧಾತುವಿನ ನಂಬರೂ ಗುಂಪಿನ ನಂಬರೂ ಇಲ್ಲಿ ಒಂದೇ ಆಗಿರುವುದು ಕಾಕತಾಳೀಯ, ಮೂರನೇ ಸಾಲಿನಲ್ಲಿ 13ರಿಂದ 18ರವರೆಗೆ ಹಾಗೆ ಹೊಂದಿಕೊಳ್ಳುತ್ತದೆ. ಆರು ಮತ್ತು ಏಳನೇ ಸಾಲಿನಲ್ಲಿ ಮುಂದಿನಿಂದ ಎಣಿಸಿದರೆ ಎಫ್‌ನ 14 ಅಡ್ಡ ಬರುತ್ತವೆ. ಅಲ್ಲೂ ಹಿಂದಿನಿಂದ ಎಣಿಸುವುದೇ ಕ್ಷೇಮ.

ಚಾರ್ಟ್ ವಿಷಯಕ್ಕೆ ಬಂದರೆ, ಗೋಡೆಗೆ ಹೊಸದನ್ನೇ ಅಂಟಿಸಿ. 113, 115, 117, 118ರ ಮನೆಗಳಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನ್ನೆಸೀನ್, ಒಗನೆಸನ್ ಎಂಬ ಹೆಸರುಗಳಿದ್ದರೆ ಅದು 2016ರ ನಂತರದ್ದು. ಹಳೆಯದರ ನೆತ್ತಿಯ ಮೇಲೆ ಮಗಳ ಕೈಯಿಂದಲೇ ಪೆನ್ಸಿಲ್‌ನಲ್ಲಿ 1ರಿಂದ 18 ಬರೆಸಿ. ಅಲ್ಯೂಮಿನಿಯಂ 3ಬಿ ಮೇಲೆ 13 ಬಿದ್ದಾಗ ಅವಳಿಗೇ ಗೊತ್ತಾಗುತ್ತದೆ. ಪರೀಕ್ಷೆಯಲ್ಲಿ ಮಾತ್ರ ಅವಳ ಪಠ್ಯಪುಸ್ತಕ ಯಾವ ನಂಬರ್ ಬಳಸುತ್ತದೋ ಅದನ್ನೇ ಬರೆಯಲಿ. ಒಂದೇ ಉತ್ತರದಲ್ಲಿ ಎರಡು ಪದ್ಧತಿ ಬೆರೆಸುವುದು ಬೇಡ.

ಕೊನೆಯದಾಗಿ ಹೊಸ ಧಾತು. 118ಕ್ಕೆ ಏಳನೇ ಸಾಲು ತುಂಬಿದೆ, ನಡುವೆ ಒಂದೂ ಖಾಲಿ ಮನೆ ಇಲ್ಲ. ಪರಮಾಣು ಸಂಖ್ಯೆ ಪೂರ್ಣಾಂಕ ಆದ್ದರಿಂದ 52 ಮತ್ತು 53ರ ನಡುವೆ ಹೊಸದೊಂದು ನುಸುಳುವ ಪ್ರಶ್ನೆಯೇ ಇಲ್ಲ. 119 ಇನ್ನೂ ಯಾರಿಗೂ ಸಿಕ್ಕಿಲ್ಲ. ಸಿಕ್ಕರೆ ಎಂಟನೇ ಸಾಲು ಶುರುವಾಗಿ ಅದು ಫ್ರಾನ್ಸಿಯಂ ಕೆಳಗೆ ಕೂರುತ್ತದೆ, 120 ರೇಡಿಯಂ ಕೆಳಗೆ. ಅದಕ್ಕಿಂತ ಮುಂದೆ ಹೊಸ ಬಗೆಯ ಉಪಕವಚ ತುಂಬಬೇಕಾಗುತ್ತದೆ ಅಂತ ಲೆಕ್ಕಾಚಾರಗಳು ಹೇಳುತ್ತವೆ, ಆ ಧಾತುಗಳನ್ನು ಹೇಗೆ ಜೋಡಿಸಬೇಕು ಎನ್ನುವುದರಲ್ಲಿ ಲೆಕ್ಕ ಹಾಕಿದವರಿಗೇ ಒಮ್ಮತ ಇಲ್ಲ. ಈಗಿರುವ 118ರ ನಂಬರ್‌ಗಳು ಮಾತ್ರ ಅದರಿಂದ ಅಲುಗಾಡುವುದಿಲ್ಲ.